ಯಾರೂ ಮೀಟದ ಗಾಂಧಾರ

ಫ್ರಿಸ್ಕೋ
ಫೆಬ್ರವರಿ 9, 2025

ತುಳಸಿ ಅಕ್ಕೋರಿಗೆ ಶರಣು.

ಡಬ್ಬಿಯ ಮೇಲೆ ನನ್ನ ಹೆಸರು ನೋಡಿಯೂ ಕಸದ ಬುಟ್ಟಿಗೆ ಹಾಕದೆ ಬಿಚ್ಚಿದ್ದೀರಿ ಎಂದರೆ ಅರ್ಧ ಗೆದ್ದೆ. ನಾನು ಮಹಾಂತಪ್ಪ, ನಿಮ್ಮ ಶಿಷ್ಯೆ ನಿಹಾರಿಕಾಳ ಅಜ್ಜ. ಅದಕ್ಕೂ ಮೊದಲು ಡಲ್ಲಾಸಿನ ಯುಗಾದಿ ಕಾರ್ಯಕ್ರಮದಲ್ಲಿ ನಿಮ್ಮ ಹಾಡಿಗೆ ಮೈಕು ನೋಡಿಕೊಂಡವನು. ಶೋಭೆ ಬರಲಿ ಎಂದು ಒಂದಿಷ್ಟು ಎಕೋ ಸೇರಿಸಿದ್ದೆ. ನೀವು ಹಾಡು ನಿಲ್ಲಿಸಿ, ಅದೇ ಮೈಕಿನಲ್ಲಿ, "ಯಾರ್ರೀ ಅದು, ನನ್ನನ್ನ ಬಾವಿಯೊಳಗಿಳಿಸಿ ಹಾಡಿಸ್ತಿರೋದು?" ಎಂದಿರಿ. ಸಭೆಗೆ ಸಭೆಯೇ ನಕ್ಕಿತು. ಅಂದಿನಿಂದ ನಮಗೆ ಮಾತಿಲ್ಲ. ಮಗಳು ಮಧುಶ್ರೀಯ ಮನೆ ನಿಮ್ಮ ಕೇಟಿಯಲ್ಲೇ ಇದ್ದರೂ, ಮೊಮ್ಮಗಳನ್ನು ಹಾಡಿನ ಕ್ಲಾಸಿಗೆ ಬಿಡಲು ಬಂದಾಗ ನಾನು ಕಾರಿನಿಂದ ಕೆಳಗಿಳಿಯುತ್ತಿರಲಿಲ್ಲ.

ಈಗ ನೀವು ಕ್ಲಾಸು ಮುಚ್ಚಿದ್ದೀರಂತೆ. ಮೊಣಕಾಲು ನೋವು ಎಂದು ಎಲ್ಲರಿಗೂ ಹೇಳಿದ್ದೀರಂತೆ. ನಿಹಾರಿಕಾ ಬೇರೆ ಯಾರ ಹತ್ತಿರವೂ ಹೋಗುವುದಿಲ್ಲ ಎಂದು ಕೂತಿದ್ದಾಳೆ. ಕೇಳಿದರೆ ಮೆಲ್ಲಗೆ, "ಅಜ್ಜಾ, ಇಟ್ಸ್ ನಾಟ್ ಹರ್ ನೀ. ಶಿ ಕಾಂಟ್ ಹಿಯರ್ ಅಸ್" ಅಂತು ಆ ಕೂಸು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಫೋನು ಮಾಡಿದ್ದೆ. ನೀವು "ಹಾಂ? ಹಾಂ?" ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ.

ನನ್ನ ನೌಕರಿಯೆಲ್ಲ ಟೆಲಿಫೋನು ತಯಾರಿಸುವ ಕಂಪನಿಯಲ್ಲೇ ಕಳೆಯಿತು. ಈಗ ಗ್ಯಾರೇಜಿನಲ್ಲಿ ಕೂತು ಅಗ್ಗದ ಹೆಡ್‌ಫೋನುಗಳ ಹೊಟ್ಟೆ ಬಗೆಯುವುದೇ ಕೆಲಸ. ಒಂದು ಮಾತು ಹೇಳ್ತೀನ್ರಿ: ಅಗ್ಗದ ಹೆಡ್‌ಫೋನಿನಲ್ಲಿ ಸ್ಪೀಕರ್ ಕೆಟ್ಟದ್ದಿರುವುದಿಲ್ಲ, ಅದು ಕೂತ ಮನೆ ಕೆಟ್ಟದ್ದು. ಪೊಳ್ಳು ಪ್ಲಾಸ್ಟಿಕ್ ಬಟ್ಟಲು. ಸದ್ದು ಅದರೊಳಗೇ ತಿರುಗಾಡಿ ಗುಂಯ್ ಎನ್ನುತ್ತದೆ. ಆ ಗುಂಯ್ ಮೇಲಿನ ಸಣ್ಣ ಸಣ್ಣ ಸದ್ದುಗಳನ್ನೆಲ್ಲ ನುಂಗುತ್ತದೆ. ಒಳಗೆ ಚೂರು ಹತ್ತಿ ತುಂಬಬೇಕು, ಬೆನ್ನಿನ ತೂತಿಗೆ ಚೂರು ಟೇಪು ಹಚ್ಚಬೇಕು, ಸ್ಪೀಕರಿನ ಮುಂದಿರುವ ತೆಳು ಬಟ್ಟೆ ಇರಬೇಕೋ ಬೇಡವೋ ನೋಡಬೇಕು. ಇಷ್ಟೇ ಆಟ. ಸೇರಿಸುವುದು ಏನೂ ಇಲ್ಲ, ಮುಚ್ಚಿದ್ದನ್ನು ಸರಿಸುವುದು ಅಷ್ಟೇ.

ನೀವು ತಂಬೂರಿ ಕೇಳಲೆಂದು ಈ ಡಬ್ಬಿಯಲ್ಲಿ ಅಂಥದ್ದೇ ಒಂದು ಹೆಡ್‌ಫೋನು ಇಟ್ಟಿದ್ದೇನೆ. ನಾನೇ ಸರಿಮಾಡಿ ಕಳಿಸಬಹುದಿತ್ತು. ಆದರೆ ನಾನು ಏನು ಮಾಡಿದರೂ ನಿಮಗೆ ಬಾವಿಯೇ. ಆದ್ದರಿಂದ ಹೆಡ್‌ಫೋನು ಇದ್ದ ಹಾಗೇ ಇದೆ, ಜೊತೆಗೆ ಸ್ಕ್ರೂಡ್ರೈವರ್ ಇದೆ. ಬಿಚ್ಚುವುದು, ತುಂಬುವುದು ನಿಮ್ಮ ಕೈಯಲ್ಲೇ ಆಗಲಿ.

ಶರಣಾರ್ಥಿಗಳೊಂದಿಗೆ,
ಮಹಾಂತಪ್ಪ


ಕೇಟಿ
ಫೆಬ್ರವರಿ 23, 2025

ಮಹಾಂತಪ್ಪನವರೇ,

ಅಕ್ಕೋರು ಗಿಕ್ಕೋರು ಎಂದರೆ ನಾನು ಕರಗುವವಳಲ್ಲ. ನಮ್ಮ ಮೈಸೂರಿನ ಕಡೆ ಟೀಚರನ್ನು ಹಾಗೆ ಕರೆಯುವುದೂ ಇಲ್ಲ. ಅಂದು ನೀವು ಹಾಕಿದ್ದು ಎಕೋ ಅಲ್ಲ, ಶುದ್ಧ ಬಾವಿ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಮಗು ಹೇಳಿದ್ದು ನಿಜ. ಮೊಣಕಾಲು ಗಟ್ಟಿಯಾಗಿಯೇ ಇದೆ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದ್ದೇನೆ. ಚಾರ್ಟು ಫ್ರಿಜ್ಜಿನ ಬಾಗಿಲ ಮೇಲೆ ಇದೆ, ಕಿವಿಗೆ ಹಾಕುವ ಯಂತ್ರಗಳು ಡ್ರಾಯರಿನಲ್ಲಿ ಇವೆ. ಅವನ್ನು ಹಾಕಿಕೊಂಡರೆ ಮಾತು ಕೇಳುತ್ತದೆ, ಸಂಗೀತ ಕೆಡುತ್ತದೆ. ತಂಬೂರಿ ಎಡೆಬಿಡದೆ ನುಡಿಯುತ್ತದಲ್ಲ, ಇದೇನೋ ತಾನೇ ಆಗಾಗ ಹೊಡೆಯುವ ಸೀಟಿ ಎಂದುಕೊಂಡು ಆ ಯಂತ್ರ ಅದನ್ನು ಅದುಮಲು ಹೋಗುತ್ತದೆ. ತೆಗೆದಿಟ್ಟರೆ ತಂಬೂರಿ ನನಗೆ ಪಕ್ಕದ ಮನೆಯ ಏಸಿಯ ಹಾಗೆ ಕೇಳುತ್ತದೆ. ಐವತ್ತು ವರ್ಷ ತೊಡೆಯ ಮೇಲಿಟ್ಟು ಸಾಕಿದ ವಾದ್ಯ ಏಸಿ ಆಯಿತು, ನೋಡಿ.

ಕ್ಲಾಸು ನಿಲ್ಲಿಸಿದ ಕಾರಣವನ್ನು ನಿಮ್ಮ ಮೊಮ್ಮಗಳು ನಿಮಗೆ ಪೂರ್ತಿ ಹೇಳಿಲ್ಲ. ಅವಳದು ಒಳ್ಳೆಯ ಮನಸ್ಸು. ಮೋಹನ ರಾಗ ಹಾಡುವಾಗ ಗಾಂಧಾರದ ಮೇಲೆ ನಿಲ್ಲುತ್ತಾಳೆ, ನಿಂತವಳು ತಿರುಗಿ ನನ್ನ ಮುಖ ನೋಡುತ್ತಾಳೆ. ಸರಿಯಾ, ಅಂತ. ನಾನು ತಲೆಯಾಡಿಸಿದರೆ ಮುಂದೆ ಹೋಗುತ್ತಾಳೆ. ಆರನೇ ವಯಸ್ಸಿನಿಂದ ಇದೇ ಅಭ್ಯಾಸ. ಡಿಸೆಂಬರಿನಲ್ಲಿ ಒಂದು ದಿನ ಹಾಗೇ ನೋಡಿದಳು. ನಾನು, "ಇಳಿದಿದೆ ಕಣೇ, ಸ್ವಲ್ಪ ಮೇಲೆತ್ತು" ಎಂದೆ. ಎತ್ತಿದಳು. "ಇನ್ನೂ ಸ್ವಲ್ಪ" ಎಂದೆ. ಮರುಮಾತಿಲ್ಲದೆ ಇನ್ನೂ ಎತ್ತಿದಳು. ಸುತ್ತ ಕೂತ ಸಣ್ಣ ಮಕ್ಕಳೆಲ್ಲ ಹುಣಸೆಕಾಯಿ ಕಚ್ಚಿದವರ ಹಾಗೆ ಮುಖ ಹಿಂಡಿದರು. ಮೊದಲು ಹಾಡಿದ್ದೇ ಸರಿಯಿತ್ತೆಂದು ನನಗೆ ಗೊತ್ತಾದದ್ದು ಆ ಮುಖಗಳಿಂದ, ನನ್ನ ಕಿವಿಯಿಂದಲ್ಲ.

ಮುಂದಿನ ಕ್ಲಾಸಿನಲ್ಲಿ ಅವಳು ಗಾಂಧಾರದ ಮೇಲೆ ನಿಂತಳು, ತಿರುಗಿ ನೋಡಲಿಲ್ಲ. ಜಮಖಾನವನ್ನೇ ನೋಡುತ್ತಾ ಹಾಡು ಮುಗಿಸಿದಳು. ನನಗೆ ಅವಮಾನವಾಗಬಾರದು ಅಂತ, ಪಾಪ. ಹದಿನೈದರ ಹುಡುಗಿ ನನ್ನ ಮಾನ ಕಾಯುವ ಹಾಗಾಯಿತಲ್ಲ ಎಂದು ಆ ವಾರವೇ ಕ್ಲಾಸು ಮುಚ್ಚಿದೆ. ಅವಳು ಮತ್ತೆ ತಿರುಗಿ ನೋಡುವ ಹಾಗಿದ್ದರೆ ನಾನು ಟೀಚರು. ಇಲ್ಲವಾದರೆ ತಂಬೂರಿ ಹಿಡಿದುಕೊಂಡು ಕೂತ ಒಬ್ಬ ಅಜ್ಜಿ.

ಹೆಡ್‌ಫೋನು ನೋಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಿವಿ ಹೋದವಳು ಹೆಡ್‌ಫೋನು ರಿಪೇರಿಗೆ ಕೂತರೆ ಜನ ಏನೆಂದಾರು?

ತುಳಸಿ


ಫ್ರಿಸ್ಕೋ
ಮಾರ್ಚ್ 2, 2025

ಅಕ್ಕೋರಿಗೆ ಶರಣು.

ಹೆಡ್‌ಫೋನು ವಾಪಸು ಬರಲಿಲ್ಲ. ಹಾಗಾದರೆ ಬಿಚ್ಚಿದ್ದೀರಿ! ಜನ ಏನರೆ ಅನ್ನಲಿ, ನಿಮ್ಮ ಮನೆಯೊಳಗೆ ಯಾರು ಇಣುಕುತ್ತಾರೆ?

ಒಂದೇ ಸೂಚನೆ. ಹತ್ತಿಯನ್ನು ದಿಂಬಿಗೆ ತುಂಬುವ ಹಾಗೆ ತುರುಕಬೇಡಿ. ಒಂದು ಚಿಟಿಕೆ ಹಾಕಿ, ಮುಚ್ಚಿ, ಕೇಳಿ. ಮತ್ತೆ ಬಿಚ್ಚಿ. ಬೇಸರ ಬರುವ ಕೆಲಸ. ನಮ್ಮ ಮನೆಯವರು ಇದಕ್ಕೆ "ಮುದುಕರ ಗೊಂಬಿ ಆಟ" ಎಂದು ಹೆಸರಿಟ್ಟಿದ್ದಾರೆ.

ಮಹಾಂತಪ್ಪ


ಕೇಟಿ
ಏಪ್ರಿಲ್ 20, 2025

ಮಹಾಂತಪ್ಪನವರಿಗೆ ನಮಸ್ಕಾರ.

ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಮೊದಲಿನಿಂದ ಬರೆಯುತ್ತೇನೆ, ಸಹನೆಯಿಂದ ಓದಿ.

ಮನೆಯ ಏಸಿ ಆರಿಸಿ, ಬೆವರು ಒರೆಸಿಕೊಳ್ಳುತ್ತಾ ನನ್ನ ತಂಬೂರಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅದನ್ನು ನಿಮ್ಮ ಹೆಡ್‌ಫೋನಿನಲ್ಲಿ ಹಾಕಿ ಕೇಳಿದರೆ, ರಾಮ ರಾಮಾ, ಬಿಂದಿಗೆಯೊಳಗೆ ಜೇನುಹುಳ ಬಿಟ್ಟ ಹಾಗಿತ್ತು. ಬಿಚ್ಚಿದೆ. ಮನೆಯಲ್ಲಿ ಬೇರೆ ಹತ್ತಿ ಎಲ್ಲಿದೆ? ದೇವರ ಮನೆಯ ಹೂಬತ್ತಿಗಳನ್ನು ತಂದೆ. ದೀಪದ ಬತ್ತಿಯನ್ನು ಹೆಡ್‌ಫೋನಿಗೆ ಹಾಕಿದೆಯಾ ಎಂದು ದೇವರು ಕೇಳಲಾರ. ನಾದವೂ ಅವನದೇ ತಾನೇ?

ಒಂದು ಬತ್ತಿ ಇಟ್ಟು ಕೇಳಿದೆ. ಗುಂಯ್ ಚೂರು ತಗ್ಗಿತು. ಆಗ ನನ್ನ ಕೈಗೆ ಈ ಕೆಲಸ ಗೊತ್ತು ಅನ್ನಿಸಿತು. ತಂಬೂರಿಯಲ್ಲಿ ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದೆಳೆ ದಾರ ಇಡುತ್ತೇವೆ. ಅದನ್ನು ಜೀವ ಅನ್ನುತ್ತೇವೆ. ಕೂದಲೆಳೆಯಷ್ಟು ಆಚೆ ಸರಿದರೆ ತಂತಿ ಮೂಗ, ಈಚೆ ಸರಿದರೆ ಒರಟ. ಸರಿಯಾದ ಜಾಗ ಕಣ್ಣಿಗೆ ಕಾಣುವುದಿಲ್ಲ. ಸರಿಸುತ್ತಾ, ಮೀಟುತ್ತಾ, ಕೇಳುತ್ತಾ ಹೋಗಬೇಕು. ಹತ್ತಿಯನ್ನೂ ಹಾಗೇ ಮಾಡಿದೆ. ಮಾರ್ಚ್ ಇಡೀ ಅದೇ ಕೆಲಸ. ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿ ಹಾಕುವುದು, ತೆಗೆಯುವುದು. ಒಂದು ಕಡೆ ಸ್ಪೀಕರಿನ ಮುಂದಿನ ಬಟ್ಟೆಯನ್ನು ಕಿತ್ತೆ, ಇನ್ನೊಂದು ಕಡೆ ಇರಲಿ ಅನ್ನಿಸಿತು, ಬಿಟ್ಟೆ. ಯಾಕೆ ಎಂದು ಕೇಳಬೇಡಿ. ಹಾಗೆ ಮಾಡಿದರೆ ತಂಬೂರಿ ತಲೆಯ ನಡುಮಧ್ಯಕ್ಕೆ ಬಂದು ಕೂರುತ್ತಿತ್ತು, ಅಷ್ಟೇ ಗೊತ್ತು.

ಮೊನ್ನೆ ಬೆಳಿಗ್ಗೆ ಕಾಫಿ ಮುಗಿಸಿ ಹಾಕಿಕೊಂಡೆ. ಕಣ್ಣು ಮುಚ್ಚಿದೆ. ಯಾರೋ ಹಾಡಿದರು. ಮನೆಯಲ್ಲಿ ನಾನೊಬ್ಬಳೇ ಎಂಬುದೂ ಮರೆತು, ಯಾರದು ಎಂದು ತಿರುಗಿ ನೋಡಿದೆ.

ತಂಬೂರಿಗೆ ಇರುವುದು ನಾಲ್ಕೇ ತಂತಿ. ಒಂದು ಪಂಚಮ, ಮೂರು ಷಡ್ಜ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೂ ಶ್ರುತಿ ನಿಜವಾಗಿ ಕೂಡಿದರೆ ಕೆಳಗಿನ ಷಡ್ಜದ ಹೊಟ್ಟೆಯೊಳಗಿಂದ ಗಾಂಧಾರ ತಾನಾಗಿ ಏಳುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಿದ್ದರು ನಮ್ಮ ಗುರುಗಳು. ಯಾರೂ ಮೀಟದ ಸ್ವರ. ನಾನು ಅದನ್ನು ಮೊದಲು ಕೇಳಿದಾಗ ಒಂಬತ್ತು ವರ್ಷದವಳು, ಹೆದರಿ ಗುರುಗಳ ಪಂಚೆ ಹಿಡಿದುಕೊಂಡಿದ್ದೆ. ಅದು ನನ್ನ ಪಾಲಿಗೆ ಯಾವಾಗ ಮುಗಿದುಹೋಯಿತೋ ನನಗೆ ತಿಳಿದೇ ಇರಲಿಲ್ಲ. ಏಸಿಯ ಸದ್ದಿನೊಳಗೆ ಕರಗಿಹೋಗಿತ್ತು. ಮೊನ್ನೆ ಮತ್ತೆ ಬಂತು. ಬಂದದ್ದು ತಿಳಿದು, ಆ ಕುರ್ಚಿಯಲ್ಲೇ ಕೈಮುಗಿದು ಕೂತುಬಿಟ್ಟೆ. ಅತ್ತೆ ಎಂದು ಬರೆಯಲು ನಾಚಿಕೆ ಏನೂ ಇಲ್ಲ. ಅತ್ತೆ.

ಹೆಡ್‌ಫೋನನ್ನು ಈ ಡಬ್ಬಿಯಲ್ಲೇ ಇಟ್ಟಿದ್ದೇನೆ. ನೀವೂ ಒಂದು ಸಲ ಕೇಳಿ. ಬೇಗ ಕಳಿಸಿಕೊಡಿ.

ಇತಿ,
ತುಳಸಿ


ಫ್ರಿಸ್ಕೋ
ಮೇ 11, 2025

ಅಕ್ಕೋರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದವನ್ನು ಮನೆಯವರಿಗೂ ಓದಿ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಗೊಂಬಿ ಆಟದಿಂದ ಇದೊಂದರೆ ಛಲೋ ಆತು ನೋಡ್ರಿ" ಎಂದರು.

ಹೆಡ್‌ಫೋನಿನಲ್ಲಿ ಕೇಳಿದೆ. ನನಗೆ ಸದ್ದು ಪೂರಾ ಎಡಕ್ಕೆ ವಾಲಿದ ಹಾಗೆ ಕೇಳಿತು. ಅನುಮಾನ ಬಂದು ಅಳೆದೆ. ನನ್ನ ಬಳಿ ಒಂದು ಮರದ ತುಂಡು ಇದೆ. ಅದಕ್ಕೆ ರಬ್ಬರಿನ ಕಿವಿ ಅಂಟಿಸಿ ಒಳಗೆ ಪುಟ್ಟ ಮೈಕು ಕೂರಿಸಿದ್ದೇನೆ. ಅದಕ್ಕೆ ಹೆಡ್‌ಫೋನು ತೊಡಿಸಿದರೆ ಯಾವ ಸದ್ದು ಎಷ್ಟು ಎಂದು ಕಂಪ್ಯೂಟರ್ ಗೆರೆ ಎಳೆಯುತ್ತದೆ. ಎಡಕ್ಕೊಂದು, ಬಲಕ್ಕೊಂದು. ಎರಡೂ ಗೆರೆ ಒಂದರ ಮೇಲೊಂದು ಕೂರಬೇಕು, ಅದೇ ಒಳ್ಳೆಯ ಹೆಡ್‌ಫೋನಿನ ಲಕ್ಷಣ. ನಿಮ್ಮದರಲ್ಲಿ ಬಲಗೆರೆ ಚೊಕ್ಕ ಇತ್ತು. ಎಡಗೆರೆ ನಡುವಿನವರೆಗೆ ಜೊತೆಯಲ್ಲಿ ನಡೆದು, ಆಮೇಲೆ ಗುಡ್ಡ ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು.

ಚಿಂತೆ ಮಾಡಬೇಡಿ, ಸರಿಮಾಡಿದೆ. ನಿಮ್ಮ ಬತ್ತಿಗಳನ್ನು ತೆಗೆದು ಎರಡೂ ಕಡೆ ಸಮನಾಗಿ ಹೊಸ ಹತ್ತಿ ಹಾಕಿ, ಕಿತ್ತ ಬಟ್ಟೆಯ ಜಾಗಕ್ಕೆ ಹೊಸದು ಹಚ್ಚಿದೆ. ಈಗ ಎರಡೂ ಗೆರೆ ಅವಳಿ ಮಕ್ಕಳ ಹಾಗಿವೆ. ಮೊದಲಿನ ಚಿತ್ರ, ಈಗಿನ ಚಿತ್ರ ಎರಡನ್ನೂ ಕಳಿಸುತ್ತಿದ್ದೇನೆ. ಈ ಸಲ ನಿಮ್ಮಿಂದ ಶಾಭಾಸ್ ಎನ್ನಿಸಿಕೊಳ್ಳುವ ಆಸೆ.

ಮಹಾಂತಪ್ಪ


ಕೇಟಿ
ಮೇ 18, 2025

ಮಹಾಂತಪ್ಪನವರೇ,

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೀರಿ.

ಗಾಂಧಾರ ಇಲ್ಲ. ಹುಡುಕಿ ಹುಡುಕಿ ತಲೆನೋವು ಬಂತು. ತಂಬೂರಿ ಬಲಗಿವಿಯ ಮೂಲೆಯಲ್ಲಿ ಮುದುಡಿ ಕೂತಿದೆ. ಕಳಿಸಿ ಎಂದೆನೇ ಹೊರತು ಕೈಹಾಕಿ ಎಂದೆನಾ? ಅಂದು ಕೇಳದೆ ಎಕೋ, ಇಂದು ಕೇಳದೆ ಬಟ್ಟೆ. ನಿಮಗೆ ಸುಮ್ಮನಿರಲು ಯಾರೂ ಕಲಿಸಲಿಲ್ಲವೇ?

ಆಮೇಲೆ ಇನ್ನೊಂದು ಅನುಮಾನ ಹುಟ್ಟಿತು. ಅದು ನನ್ನನ್ನು ತಿನ್ನುತ್ತಿದೆ. ಎಡಬಲ ಅಷ್ಟು ಅಂಕುಡೊಂಕಾಗಿದ್ದದ್ದನ್ನು ನಾನು ಸರಿ ಎಂದುಕೊಂಡೆ ಎಂದರೆ, ಆ ಗಾಂಧಾರವೂ ನನ್ನ ಭ್ರಮೆಯೇ ಇರಬೇಕು. ಡಿಸೆಂಬರಿನಲ್ಲಿ ಮಗುವಿನ ಸ್ವರ ಇಳಿದಿದೆ ಎಂದವಳೂ ಇವಳೇ ತಾನೇ.

ಚಿತ್ರಗಳೆಂದರೆ ನಿಮಗೆ ಪ್ರಾಣವಲ್ಲವೇ? ತಗೊಳ್ಳಿ, ಇದನ್ನೂ ಇಟ್ಟುಕೊಳ್ಳಿ. ಫ್ರಿಜ್ಜಿನ ಮೇಲಿದ್ದ ನನ್ನ ಕಿವಿಯ ಚಾರ್ಟು. ಸಾಧ್ಯವಾದರೆ ಇದರ ಗೆರೆಗಳನ್ನೂ ಅವಳಿ ಮಕ್ಕಳು ಮಾಡಿಕೊಡಿ.

ತುಳಸಿ


ಫ್ರಿಸ್ಕೋ
ಜೂನ್ 1, 2025

ಅಕ್ಕೋರ,

ನಿಂತುಕೊಂಡು ಓದುತ್ತಿದ್ದರೆ ದಯವಿಟ್ಟು ಕೂತುಕೊಳ್ಳಿ.

ನಿಮ್ಮ ಬೈಗುಳ ಓದಿ ಒಂದು ವಾರ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಆಮೇಲೆ ನೀವು ಸಿಟ್ಟಿನಿಂದ ಕಳಿಸಿದ ಚಾರ್ಟನ್ನು ಮೇಜಿನ ಮೇಲೆ ಹರವಿದೆ. ಪಕ್ಕದಲ್ಲಿ ನಾನು ಕೆಡಿಸುವ ಮೊದಲು ಎಳೆದ ನಿಮ್ಮ ಹೆಡ್‌ಫೋನಿನ ಚಿತ್ರ ಇತ್ತು. ಎರಡನ್ನೂ ಸುಮ್ಮನೆ ನೋಡುತ್ತಾ ಚಹಾ ಕುಡಿಯುತ್ತಿದ್ದೆ. ಚಹಾ ಆರಿಹೋಯಿತು.

ಆಸ್ಪತ್ರೆಯ ಚಾರ್ಟಿನಲ್ಲಿ ನಿಮ್ಮ ಎಡಗಿವಿ ಬಲಗಿವಿಯ ಜೊತೆ ನಡೆದು ನಡೆದು ಒಂದು ಕಡೆ ಕೈಬಿಟ್ಟು ಕೆಳಗೆ ಜಾರುತ್ತದೆ. ನಿಮ್ಮ ಹೆಡ್‌ಫೋನಿನ ಎಡಗೆರೆ ಸರಿಯಾಗಿ ಅದೇ ಜಾಗದಲ್ಲಿ ಮೇಲಕ್ಕೇಳಲು ಶುರುಮಾಡಿತ್ತು. ಅಲ್ಲಿ ಎಷ್ಟು ಇಳುಕಲೋ ಇಲ್ಲಿ ಅಷ್ಟು ಏರು. ತೀರಾ ಮೇಲಿನ ತುದಿಯಲ್ಲಿ ಹತ್ತಿಯ ಆಟ ನಡೆಯುವುದಿಲ್ಲ, ಅಲ್ಲಿ ಹೊಂದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ತಂಬೂರಿ ಓಡಾಡುವ ಬಯಲಿನಲ್ಲೆಲ್ಲ ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಒಂದರ ತಗ್ಗಿನಲ್ಲಿ ಇನ್ನೊಂದರ ದಿಬ್ಬ ಹೋಗಿ ಕೂರುತ್ತದೆ.

ಅಕ್ಕೋರ, ನಿಮ್ಮ ಕೈಯಲ್ಲಿ ಯಂತ್ರವಿರಲಿಲ್ಲ, ಗ್ರಾಫು ಇರಲಿಲ್ಲ. ದೀಪದ ಬತ್ತಿ, ಒಂದು ತಂಬೂರಿ. ಅಷ್ಟರಿಂದ ನಿಮ್ಮ ಕಿವುಡನ್ನು ನೀವೇ ಎಳೆ ಎಳೆಯಾಗಿ ಅಳೆದು, ಕಮ್ಮಿ ಬಿದ್ದ ಕಡೆ ಕಮ್ಮಿ ಬಿದ್ದಷ್ಟೇ ತುಂಬಿದ್ದೀರಿ. ನಾನು ನಲವತ್ತು ವರ್ಷ ಕಿವಿಗೆ ಸದ್ದು ಮುಟ್ಟಿಸುವ ಕೆಲಸ ಮಾಡಿದವನು. ಇಂಥದ್ದು ಕಂಡಿಲ್ಲ, ಖರೇ ಹೇಳ್ತೀನಿ. ಮನೆಯವರನ್ನು ಕೂಗಿ ಕರೆದು ತೋರಿಸಿದೆ. ಅವರಿಗೆ ಗೆರೆ ತಿಳಿಯಲಿಲ್ಲ, ನನ್ನ ಮುಖ ತಿಳಿಯಿತು. ಪಕ್ಕದಲ್ಲಿ ಬಂದು ಕೂತರು.

ಭ್ರಮೆ ಅಂದಿರಲ್ಲ? ಹೋದ ಕಿವಿ ಎಷ್ಟು ಹೋಗಿದೆ ಎಂದು ಹೇಳಲಾರದು. ನಿಮ್ಮ ಕಿವಿ ಹೇಳಿತು. ಬಾಗಿಲು ಒಂದು ಕಡೆ ಬಿಗಿದುಕೊಂಡಿದೆ ಅಷ್ಟೇ, ಒಳಗೆ ಕೂತು ಕೇಳುವವರು ಎಲ್ಲೂ ಹೋಗಿಲ್ಲ. ಮಧುಶ್ರೀಯನ್ನು ಕೇಳಿದೆ. ಡಿಸೆಂಬರಿನಲ್ಲಿ ನಿಹಾರಿಕಾ ಕೂತದ್ದು ನಿಮ್ಮ ಎಡಗಡೆ, ಕಿಟಕಿಯಾಚೆ ಪಕ್ಕದವರ ಏಸಿ. ಅದಕ್ಕೇ ಆ ಸ್ವರ ನಿಮಗೆ ಇಳಿದ ಹಾಗೆ ಕೇಳಿರಬೇಕು.

ನಾನು ತೆಗೆದ ಹೂಬತ್ತಿಗಳನ್ನು ಬಿಸಾಡಿರಲಿಲ್ಲ. ದೇವರ ಸಾಮಾನು ಎಂದು ಕುಂಕುಮದ ಭರಣಿಯಲ್ಲಿಟ್ಟಿದ್ದೆ. ವಾಪಸು ಕಳಿಸಿದ್ದೇನೆ. ಮೊದಲಿನ ಹಾಗೆ ಮಾಡುವುದು ನನ್ನಿಂದ ಆಗದ ಮಾತು, ನನ್ನ ಬಳಿ ಇರುವುದು ರಬ್ಬರಿನ ಕಿವಿ. ನೀವೇ ಮಾಡಬೇಕು.

ಇನ್ನು ಕೇಳದೆ ಕೈಹಾಕುವುದಿಲ್ಲ.

ಮಹಾಂತಪ್ಪ


ಕೇಟಿ
ಆಗಸ್ಟ್ 24, 2025

ಮಹಾಂತಪ್ಪನವರಿಗೆ ನಮಸ್ಕಾರ.

ಉತ್ತರ ತಡವಾಯಿತು. ನಿಮ್ಮ ಕಾಗದವನ್ನು ಓದಿ ಮಡಿಸಿಟ್ಟು, ಮತ್ತೆ ತೆಗೆದು ಓದುತ್ತಿದ್ದೆ.

ಹತ್ತಿಯನ್ನು ಮತ್ತೆ ಕೂರಿಸಿದೆ. ಜುಲೈ ಮುಗಿಯುವಷ್ಟರಲ್ಲಿ ಗಾಂಧಾರ ವಾಪಸು ಬಂತು. ನೀವು ಕಳಿಸಿದ್ದ ಹೆಡ್‌ಫೋನಿನ ಮೊದಲಿನ ಚಿತ್ರವನ್ನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿದ ಹುಡುಗಿಗೆ ತೋರಿಸಿದೆ. ಅವಳು ಅದನ್ನು ತನ್ನಲ್ಲಿದ್ದ ನನ್ನ ಚಾರ್ಟಿನ ಪಕ್ಕ ಇಟ್ಟು ನೋಡಿದಳು. ಆಮೇಲೆ ನನ್ನ ಕಿವಿಯಂತ್ರದಲ್ಲಿ ಸೀಟಿ ಅದುಮುವ ಗುಣವನ್ನು ಆರಿಸಿ, ಹಾಡಿಗೆಂದೇ ಬೇರೆ ಹದ ಮಾಡಿಕೊಟ್ಟಳು. ಪೂರ್ತಿ ಸರಿಯಿಲ್ಲ. ಆದರೂ ತಂಬೂರಿ ಈಗ ಏಸಿಯಲ್ಲ, ತಂಬೂರಿಯೇ.

ಕ್ಲಾಸು ತೆರೆದೆ. ಜಮಖಾನ ತಿರುಗಿಸಿ ಹಾಸಿ ಮಕ್ಕಳನ್ನೆಲ್ಲ ಬಲಕ್ಕೆ ಕೂರಿಸಿಕೊಂಡಿದ್ದೇನೆ. ನಿಹಾರಿಕಾ ಮೊದಲ ದಿನವೇ ಬಂದಳು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. "ಇಟ್ಸ್ ಓಕೆ, ಟೀಚರ್" ಎಂದಳು. ಚೆನ್ನಾಗಿ ಹಾಡುತ್ತಾಳೆ. ಆದರೆ ಗಾಂಧಾರಕ್ಕೆ ಬಂದಾಗ ಈಗಲೂ ಜಮಖಾನವನ್ನೇ ನೋಡುತ್ತಾಳೆ. ನೋಡು ಎಂದು ಕೇಳಲಾಗುತ್ತದೆಯೇ? ಕೇಳಿ ಪಡೆದರೆ ಅದಕ್ಕೆ ಬೆಲೆಯಿಲ್ಲ.

ನವೆಂಬರಿನಲ್ಲಿ ಆಸ್ಟಿನ್ನಿನ ರಾಜ್ಯೋತ್ಸವದಲ್ಲಿ ಅವಳ ಹಾಡು ಇಟ್ಟುಕೊಂಡಿದ್ದಾರೆ. ತಂಬೂರಿಗೆ ನಾನು ಕೂರುತ್ತೇನೆ. ಮೈಕು ನೀವು ನೋಡಿಕೊಳ್ಳಬೇಕು. ಆಸ್ಟಿನ್ ನನಗೂ ಮೂರು ಗಂಟೆ ದಾರಿ, ನಿಮಗೂ ಹೆಚ್ಚುಕಡಿಮೆ ಅಷ್ಟೇ, ಯಾರೂ ಸೋತು ಇನ್ನೊಬ್ಬರ ಊರಿಗೆ ಹೋದ ಹಾಗಾಗುವುದಿಲ್ಲ.

ಬಾವಿ ಬೇಡ.

ತುಳಸಿ


ಫ್ರಿಸ್ಕೋ
ಸೆಪ್ಟೆಂಬರ್ 7, 2025

ಅಕ್ಕೋರಿಗೆ ಶರಣು.

ಬರ್ತೀನ್ರಿ. ಎಕೋದ ಗುಂಡಿಯ ಮೇಲೆ ಈಗಲೇ ಟೇಪು ಅಂಟಿಸಿದ್ದೇನೆ.

ಒಂದು ಅಪ್ಪಣೆ ಬೇಕು. ತಂಬೂರಿಗೂ ಒಂದು ಮೈಕು ಇಟ್ಟು, ಅದರ ಗುಂಯ್ ಮಾತ್ರ ತಗ್ಗಿಸಲೇ? ಸೇರಿಸುವುದು ಏನೂ ಇಲ್ಲ.

ಮಹಾಂತಪ್ಪ


ಕೇಟಿ
ನವೆಂಬರ್ 16, 2025

ಮಹಾಂತಪ್ಪನವರಿಗೆ,

ಅಂದು ಆಸ್ಟಿನ್ನಿನಲ್ಲಿ ಊಟದ ಗದ್ದಲದಲ್ಲಿ ಸರಿಯಾಗಿ ಮಾತಾಡಲಾಗಲಿಲ್ಲ. ನನಗೆ ಆ ಗದ್ದಲದಲ್ಲಿ ಏನೂ ಕೇಳುವುದೂ ಇಲ್ಲ. ನಿಮ್ಮ ಮನೆಯವರು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ದಾರಿಯಲ್ಲೇ ಖಾಲಿಯಾಯಿತು.

ನೀವು ಹಿಂದೆ ನಿಮ್ಮ ಮೇಜಿನ ಹತ್ತಿರ ಇದ್ದಿರಿ, ಕಂಡಿರೋ ಇಲ್ಲವೋ. ನಾನು ತಂಬೂರಿ ಮೀಟಲು ಶುರುಮಾಡಿದಾಗ ಸಭೆಯಲ್ಲಿ ಮಾತು ನಡೆದೇ ಇತ್ತು, ಕುರ್ಚಿ ಎಳೆಯುತ್ತಿದ್ದರು, ಮಕ್ಕಳು ಓಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನ ಹೆಂಗಸೊಬ್ಬರು ತಲೆ ಎತ್ತಿ ಅತ್ತಿತ್ತ ನೋಡಿದರು. ಆಮೇಲೆ ಅವರ ಪಕ್ಕದವರು. ಓಡುತ್ತಿದ್ದ ಪುಟ್ಟ ಹುಡುಗಿಯೊಂದು ನಡುದಾರಿಯಲ್ಲಿ ನಿಂತು ಛಾವಣಿ ನೋಡಿತು. ನಿಹಾರಿಕಾ ಇನ್ನೂ ಬಾಯಿ ತೆರೆದಿರಲಿಲ್ಲ. ಯಾರು ಹಾಡುತ್ತಿದ್ದಾರೆ ಎಂದು ಅವರೆಲ್ಲ ಹುಡುಕುತ್ತಿದ್ದರು! ಸಭೆ ತಾನಾಗಿ ಸುಮ್ಮನಾಯಿತು. ಯಾರೂ ಮೀಟದ ಆ ಸ್ವರ ಅಷ್ಟು ಜನರ ತಲೆಯ ಮೇಲೆ ನಿಂತಿತ್ತು. ಐವತ್ತು ವರ್ಷದಲ್ಲಿ ನಾನು ಒಂದು ಸಭೆಗೂ ಅದನ್ನು ಕೇಳಿಸಿದ್ದಿಲ್ಲ. ನೀವು ತಂಬೂರಿಯ ಗುಂಯ್ ತಗ್ಗಿಸಿ, ಮುಚ್ಚಿದ್ದನ್ನು ಸರಿಸಿದಿರಿ. ತಗೊಳ್ಳಿ, ಶಾಭಾಸ್.

ಮಗು ಹಾಡಲು ಶುರುಮಾಡಿತು. ಮೋಹನ. ಮೆಲ್ಲಗೆ ಹತ್ತಿ ಗಾಂಧಾರಕ್ಕೆ ಬಂದು, ಗಾಳಿಯಲ್ಲಿ ಮೊದಲೇ ನಿಂತಿದ್ದ ಗಾಂಧಾರದೊಳಗೆ ತನ್ನದನ್ನು ಇಟ್ಟಳು. ಎರಡು ಬೇರೆಯಾಗಿ ಉಳಿಯಲಿಲ್ಲ. ನನ್ನ ಕೈ ತಂತಿಯ ಮೇಲೆ ನಡೆಯುತ್ತಲೇ ಇತ್ತು.

ಆಗ ಅವಳು ತಿರುಗಿ ನನ್ನ ಮುಖ ನೋಡಿದಳು.

ಕೂಡಲೇ ತಲೆಯಾಡಿಸಲಿಲ್ಲ ನಾನು. ಕೇಳಿದೆ. ಪೂರ್ತಿ ಕೇಳಿದೆ. ಸರಿಯಿತ್ತು. ಆಮೇಲೆ ತಲೆಯಾಡಿಸಿದೆ, ಅವಳು ಮುಂದೆ ಹೋದಳು.

ನಿಮ್ಮ,
ತುಳಸಿ ಅಕ್ಕೋರು